ಆ ರಾತ್ರಿ ನಾನು ಮಲಗಿರಲಿಲ್ಲ

ಪ್ರೀತಿಯ ಅಪ್ಪನಿಗೆ,

ನಮಸ್ಕಾರ. ನಾನು ಚೆನ್ನಾಗಿದ್ದೇನೆ. ನನ್ನ ಕೈಯಲ್ಲಿರುವಂಥ ಸ್ಮಾರ್ಟ್ ವಾಚ್ ನಿಮಗೂ ಬೇಕು, ದಿನಾ ಹತ್ತು ಸಾವಿರ ಹೆಜ್ಜೆ ನಡೆಯಬೇಕು ಅಂದಿದ್ದಿರಲ್ಲ, ಬರುವಾಗ ಖಂಡಿತ ತರುತ್ತೇನೆ. ಆದರೆ ಮೊದಲು ಒಂದು ವಿಷಯ ಕೇಳಿ.

ಹೋದ ತಿಂಗಳು ವಾಚ್ ಕಂಪನಿಗೆ ಬರೆದು ನನ್ನ ಮಾಹಿತಿಯನ್ನೆಲ್ಲ ತರಿಸಿಕೊಂಡೆ. ಯುರೋಪಿನಲ್ಲಿ ಜಿಡಿಪಿಆರ್ ಅಂತ ಜನರ ಖಾಸಗಿ ಮಾಹಿತಿ ಕಾಯುವ ಕಾಯ್ದೆ ಇದೆ, 2018ರಿಂದ ಜಾರಿಯಲ್ಲಿದೆ. ಕೇಳಿದರೆ ಸಾಮಾನ್ಯವಾಗಿ ಒಂದು ತಿಂಗಳೊಳಗೆ ಕೊಡಬೇಕು. ಮೂರು ವರ್ಷದ ಎದೆಬಡಿತ, ನಿದ್ದೆ, ಓಡಾಟ, ಎಷ್ಟು ಹೊತ್ತಿಗೆ ಯಾವ ರಸ್ತೆಯಲ್ಲಿದ್ದೆ ಅನ್ನುವುದೂ ಇತ್ತು. ಸ್ವಲ್ಪ ಭಯವೇ ಆಯಿತು.

ನಿಮ್ಮ ಆಪರೇಷನ್ ಆದ ರಾತ್ರಿಯನ್ನು ಹುಡುಕಿದೆ. ಅವತ್ತು ಅಮ್ಮನ ಫೋನಿಗೆ ಕಾಯುತ್ತಾ ಬೆಳಗಿನವರೆಗೂ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಫೈಲಿನಲ್ಲಿ ಏನಿದೆ ಗೊತ್ತಾ? ನಿದ್ದೆ, 3 ಗಂಟೆ 40 ನಿಮಿಷ! ಅಲ್ಲಾಡದೆ ಕೂತವರನ್ನು ಈ ವಾಚುಗಳು ಎಷ್ಟೋ ಸಲ ಮಲಗಿದವರ ಲೆಕ್ಕಕ್ಕೆ ಹಾಕಿಬಿಡುತ್ತವೆ. ಅಡಿಯಲ್ಲಿ ಮಿನುಗುವ ಹಸಿರು ಬೆಳಕು ರಕ್ತದ ಏರಿಳಿತ ನೋಡಿ ಬಡಿತ ಎಣಿಸುತ್ತದೆ. ಬಡಿತ ಯಾಕೆ ಜಾಸ್ತಿಯಾಯಿತು ಅಂತ ಅದಕ್ಕೇನು ಗೊತ್ತು?

ಇನ್ನು ಆ ಹತ್ತು ಸಾವಿರ. ಅದು ಡಾಕ್ಟರು ಕೊಟ್ಟ ಲೆಕ್ಕ ಅಲ್ಲವಂತೆ. 1965ರಲ್ಲಿ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಯಂತ್ರ ಮಾರಲು ಅದಕ್ಕೆ 'ಮಾನ್‌ಪೊ-ಕೇ' ಅಂತ ಹೆಸರಿಟ್ಟಿತು. ಹತ್ತು ಸಾವಿರ ಹೆಜ್ಜೆಯ ಮೀಟರ್ ಅಂತ ಅರ್ಥ. ಆ ಹೆಸರನ್ನೇ ಎಲ್ಲರೂ ನಿಯಮ ಮಾಡಿಕೊಂಡರು. ಮಂಡಿ ನೋವು ಇಟ್ಟುಕೊಂಡು ನೀವು ಅದರ ಹಿಂದೆ ಬೀಳಬೇಡಿ.

ಹಾಂ, ಲೊಕೇಶನ್ ಆಫ್ ಮಾಡಿಯೇ ಕೊಡುತ್ತೇನೆ. ಸ್ಟ್ರಾವಾ ಅಂತ ಒಂದು ಆಪ್ ಇದೆ, ಓಡಿದ ದಾರಿಯನ್ನು ದಾಖಲಿಸುತ್ತದೆ. ಸೈನಿಕರು ಓಡಿದ ದಾರಿಯೆಲ್ಲ ಅದರ ನಕ್ಷೆಯಲ್ಲಿ ಬಿದ್ದು, 2018ರಲ್ಲಿ ಸೇನಾ ನೆಲೆಗಳ ಆಕಾರವೇ ಬಯಲಾಗಿತ್ತು.

ನಿಮ್ಮ ಲೆಕ್ಕವೆಲ್ಲ ಇಲ್ಲಿ ನನ್ನ ಫೋನಿಗೂ ಬರುವ ಹಾಗೆ ಮಾಡಿಕೊಡುತ್ತೇನೆ ಅಂತಾನೆ ತಮ್ಮ. ಬೇಡ ಅಪ್ಪಾ. ಒಂದು ದಿನ ಬಡಿತ 110 ಅಂತ ತೋರಿಸಿದರೆ ನಾನು ಇಲ್ಲಿ ಕೂತು ಏನು ಮಾಡಲಿ? ನೀವು ಮೆಟ್ಟಿಲು ಹತ್ತಿದ್ದಿರೋ, ಕ್ರಿಕೆಟ್ ನೋಡುತ್ತಿದ್ದಿರೋ ಯಾರಿಗೆ ಗೊತ್ತು! ಫೋನಿನಲ್ಲಿ ನಿದ್ದೆ ಬಂತಾ ಅಂತ ಕೇಳಿದರೆ ಸುಮ್ನೆ 'ಚೆನ್ನಾಗಿ ಬಂತು' ಅನ್ನಬೇಡಿ, ಅಷ್ಟೇ. ಅಮ್ಮನನ್ನೂ ಕೇಳುತ್ತೇನೆ.

ವಾಚಿನ ಪಟ್ಟಿ ಕಪ್ಪೋ, ನೀಲಿಯೋ? ತಿಳಿಸಿ.

ಇಂತಿ ನಿಮ್ಮ ಪ್ರೀತಿಯ ಮಗಳು