ಮೋಡದ ಮೇಲಿನ ಮೂರು ಮಕ್ಕಳು

ಪ್ರೀತಿಯ ಅಜ್ಜಿಗೆ ನಮಸ್ಕಾರಗಳು.

ನಾನು ಕ್ಷೇಮ. ಮೇ ಬಂದರೂ ಇಂಗ್ಲೆಂಡಿನಲ್ಲಿ ಸ್ವೆಟರ್ ಬಿಡೋ ಹಾಗಿಲ್ಲ. ನೀನು ಕಟ್ಟಿಕೊಟ್ಟ ಚಟ್ನಿಪುಡಿ ಮುಗಿದೇ ಹೋಯ್ತು. ಇದನ್ನು ಅಮ್ಮನ ಕೈಲಿ ನಿಧಾನವಾಗಿ ಓದಿಸಿಕೋ.

ಹೋದ ವಾರ ಸಾಲ್ಸ್‌ಬರಿ ಹತ್ತಿರ ವಿಲ್ಟನ್ ಹೌಸ್ ನೋಡಿ ಬಂದೆ. ಪೆಂಬ್ರೋಕ್ ಅರ್ಲ್‌ಗಳ ಮನೆ. ಅರ್ಲ್ ಅಂದರೆ ನಮ್ಮ ಕಡೆಯ ಜಹಗೀರುದಾರರು ಅಂತಿಟ್ಟುಕೋ. ಅಲ್ಲಿ ಡಬಲ್ ಕ್ಯೂಬ್ ರೂಮ್ ಅಂತ ಒಂದು ಹಾಲ್ ಇದೆ. ಉದ್ದ 60 ಅಡಿ, ಅಗಲ 30, ಎತ್ತರವೂ 30. ನಮ್ಮ ನಡುಮನೆಯ ತೊಲೆ ಅಪ್ಪನ ತಲೆಗೆ ತಾಗುತ್ತೆ, ಇಲ್ಲಿ ಮೇಲೆ ನೋಡಿ ನೋಡಿ ನನ್ನ ಕತ್ತು ಹಿಡಿದುಕೊಂಡಿತು. ಬಿಳಿ ಗೋಡೆ ತುಂಬ ಹೂವು, ಹಣ್ಣಿನ ಗೊಂಚಲು, ಎಲ್ಲಕ್ಕೂ ಚಿನ್ನದ ರೇಕು. ಕೆಂಪು ಮಖಮಲ್ಲಿನ ಸೋಫಾಗಳ ಕಾಲಿಗೂ ಬಂಗಾರ. ಆದರೆ ಕೂರುವ ಹಾಗಿಲ್ಲ. ನೀನಿದ್ದಿದ್ದರೆ "ಮತ್ತೆ ಯಾಕಿಟ್ಟಿದ್ದಾರೆ?" ಅಂತ ಕೇಳಿಯೇ ಬಿಡುತ್ತಿದ್ದೆ.

ಒಂದು ತುದಿಯ ಗೋಡೆಗೆ ಒಂದೇ ಚಿತ್ರ, 17 ಅಡಿ ಅಗಲ! 1635ರ ಹೊತ್ತಿಗೆ ವ್ಯಾನ್ ಡೈಕ್ ಬರೆದದ್ದು. ನಾಲ್ಕನೇ ಅರ್ಲ್, ಹೆಂಡತಿ, ಮಕ್ಕಳು, ಅಳಿಯ, ಸೊಸೆ. ಸೊಸೆ ಮೇರಿ ಬೆಳ್ಳಗೆ ಹೊಳೆಯುವ ರೇಷ್ಮೆ ತೊಟ್ಟು ನಿಂತಿದ್ದಾಳೆ. ಇನ್ನೂ ಹುಡುಗಿ, ಪಾಪ. ಮದುವೆಯಾಗಿ ಒಂದೇ ವರ್ಷಕ್ಕೆ ಗಂಡ ಇಟಲಿಯಲ್ಲಿ ಸಿಡುಬು ಬಂದು ಹೋದ. ಅರ್ಲ್ ಪಕ್ಕ ಎರಡನೇ ಹೆಂಡತಿ ಕೈ ಕಟ್ಟಿಕೊಂಡು ಎಲ್ಲೋ ನೋಡುತ್ತಾ ಕೂತಿದ್ದಾಳೆ. ಇಬ್ಬರಿಗೂ ಆಗಿಬರುತ್ತಿರಲಿಲ್ಲವಂತೆ. ಅದನ್ನು ಯಾರೂ ಹೇಳಬೇಕಾಗಿಲ್ಲ, ಮುಖದಲ್ಲೇ ಇದೆ.

ಮೇಲೆ ಮೋಡದಲ್ಲಿ ರೆಕ್ಕೆಯಿರುವ ಮೂರು ಎಳೆ ಮಕ್ಕಳು. ಸುಮ್ನೆ ಅಂದಕ್ಕೆ ಬರೆದಿದ್ದಾರೆ ಅಂದುಕೊಂಡೆ. ಅಲ್ಲಿದ್ದ ಹಿರಿಯ ಹೆಂಗಸೊಬ್ಬರು ಹೇಳಿದರು, ಅವೂ ಅರ್ಲ್‌ನ ಮಕ್ಕಳೇ, ಹಾಲು ಕುಡಿಯುವ ವಯಸ್ಸಲ್ಲೇ ಹೋದವು ಅಂತ. ಮನೆಯವರ ಚಿತ್ರ ಅಂದ ಮೇಲೆ ಅವನ್ನು ಬಿಟ್ಟಿಲ್ಲ.

ನಾನು ಅಲ್ಲೇ ನಿಂತುಬಿಟ್ಟೆ. ನಮ್ಮ ಮನೆಯಲ್ಲಿ ತಾತನ ಫೋಟೋಗೆ ಗಂಧದ ಹಾರ ಇದೆ. ಅಪ್ಪನಿಗಿಂತ ಮುಂಚೆ ಹುಟ್ಟಿ ಆರು ತಿಂಗಳಿಗೆ ಹೋದ ಪಾಪುವಿಗೆ ಫೋಟೋನೇ ಇಲ್ಲ. ಆದರೂ ಮಕ್ಕಳೆಷ್ಟು ಅಂತ ಯಾರು ಕೇಳಿದರೂ ನೀನು ಐದು ಅನ್ನುತ್ತೀಯ. ಅಜ್ಜಿಗೆ ಲೆಕ್ಕ ಬರಲ್ಲ ಅಂತ ಚಿಕ್ಕವಳಿದ್ದಾಗ ನಾನು ನಗುತ್ತಿದ್ದೆ, ಅಲ್ವಾ?

ಆ ಮಗುವನ್ನು ಏನಂತ ಕರೆಯುತ್ತಿದ್ದೆ ಅಜ್ಜಿ? ಭಾನುವಾರ ಫೋನ್ ಮಾಡುತ್ತೇನೆ, ಆಗ ಹೇಳು. ಚಟ್ನಿಪುಡಿ ಈ ಸಲ ಸ್ವಲ್ಪ ಜಾಸ್ತಿನೇ ಮಾಡಿಸು.

ನಿನ್ನ ಪುಟ್ಟಿ