ಪಿಟ್ ಕ್ಲೀನಿಂಗ್ ದರ ಏರಿಕೆ: ಮಂಗಳೂರಿನ ನಮ್ಮ ಗ್ರಾಹಕರಿಗೆ ಒಂದು ಪತ್ರ

ಪ್ರೀತಿಯ ಗ್ರಾಹಕರೇ, ನಮಸ್ಕಾರ.

ಮುಂದಿನ ತಿಂಗಳ ಒಂದನೇ ತಾರೀಕಿನಿಂದ ಶೌಚಾಲಯದ ಪಿಟ್ ಖಾಲಿ ಮಾಡುವ ದರ ಲೋಡಿಗೆ 600 ರೂಪಾಯಿ ಜಾಸ್ತಿಯಾಗುತ್ತದೆ. ರಾತ್ರಿ ಗಾಡಿ ಬರುವುದಿಲ್ಲ. ಇದರಿಂದ ನಿಮಗೆ ತೊಂದರೆ ಆಗುತ್ತದೆಂದು ಗೊತ್ತು, ಕ್ಷಮಿಸಿ. ಆದರೆ ಈ ಹಣ ಎಲ್ಲಿಗೆ ಹೋಗುತ್ತದೆ ಎಂದು ಹೇಳಲೇಬೇಕು.

ನಾವು ಮೊದಲಿನಿಂದಲೂ ಕೊಳಚೆ ಶುದ್ಧೀಕರಣ ಘಟಕಕ್ಕೇ ಹೋಗುವವರು, ಅದು ನಿಮಗೂ ಗೊತ್ತು. ಊರಿನ ಒಂದು ಮೂಲೆಯಿಂದ ತುಂಬಿದ ಗಾಡಿಯನ್ನು ಟ್ರಾಫಿಕ್ಕಿನಲ್ಲಿ ಅಲ್ಲಿಗೆ ಒಯ್ಯಬೇಕು, ಖಾಲಿ ಮಾಡಿ ವಾಪಸ್ ಬರಬೇಕು. ಡೀಸೆಲ್, ಘಟಕದ ಶುಲ್ಕ, ಹೋಸ್ ಪೈಪು, ಪಂಪಿನ ಆಯಿಲ್, ಇನ್ಶೂರೆನ್ಸ್ ಎಲ್ಲ ಏರಿದೆ. ಅಲ್ಲಿ ಕ್ಯೂ ಕೂಡ ಇರುತ್ತದೆ. ಘಟಕದಲ್ಲಿ ಕೊಳಚೆಯನ್ನು ತಿಂದು ನೀರು ತಿಳಿ ಮಾಡುವುದು ಸೂಕ್ಷ್ಮಜೀವಿಗಳು. ಪಿಟ್ಟಿನ ದಪ್ಪ ಕೆಸರನ್ನು ಒಮ್ಮೆಲೇ ಸುರಿದರೆ ಅವು ತಾಳುವುದಿಲ್ಲ. ಸ್ವಲ್ಪ ಸ್ವಲ್ಪವೇ ಬಿಡಬೇಕು. ಅಷ್ಟು ಹೊತ್ತು ನಮ್ಮ ಡ್ರೈವರ್ ಕಾಯುತ್ತಾನೆ, ಅವನಿಗೆ ಸಂಬಳ ಕೊಡಬೇಕಲ್ವಾ? ಇಷ್ಟು ದಿನ ಈ ಏರಿಕೆಯನ್ನು ನಾವೇ ಹೊತ್ತೆವು. ಇನ್ನು ಆಗುವುದಿಲ್ಲ.

ಫೋನ್ ಮಾಡಿದವರೆಲ್ಲ ಕೇಳುವ ಮಾತು ಒಂದೇ. "ಎಂತ ಮಾರಾಯ್ರೆ, ಆಚೆ ಮನೆಗೆ ಬಂದವರು ಅರ್ಧ ರೇಟಿಗೆ ಮಾಡಿ ಹೋದ್ರು, ನಿಮ್ಮದು ಮಾತ್ರ ಯಾಕೆ ಇಷ್ಟು?"

ಅವರ ಗಾಡಿ ಎಲ್ಲಿ ಖಾಲಿಯಾಯಿತು ಎಂದು ದಯವಿಟ್ಟು ಕೇಳಿ. ರಾತ್ರಿ ಹೊತ್ತು ತೋಡಿಗೆ, ಅಂದರೆ ಹಳ್ಳಕ್ಕೆ, ಪೈಪು ಇಳಿಸಿದರೆ ಡೀಸೆಲ್ಲೂ ಉಳಿಯುತ್ತದೆ, ಶುಲ್ಕವೂ ಉಳಿಯುತ್ತದೆ. 1974ರ ಜಲ ಕಾಯ್ದೆ ಅದನ್ನು ನಿಷೇಧಿಸಿದೆ. ಪೈಪಿನಲ್ಲಿ ಹರಿಯುವ ಮಾಮೂಲಿ ಕೊಳಚೆಯ ಬಿಒಡಿ ಲೀಟರಿಗೆ ಸುಮಾರು 200ರಿಂದ 300 ಮಿಲಿಗ್ರಾಂ. ಅಂದರೆ ಅದು ಕೊಳೆಯುವಾಗ ನೀರಿನಿಂದ ಅಷ್ಟು ಆಮ್ಲಜನಕ ಎಳೆದುಕೊಳ್ಳುತ್ತದೆ. ಪಿಟ್ಟಿನ ಕೆಸರಿನಲ್ಲಿ ಇದು ಸಾವಿರಗಳ ಲೆಕ್ಕ. ಶುದ್ಧೀಕರಿಸಿ ಹೊರಬಿಡುವ ನೀರಿಗೆ 2017ರ ಕೇಂದ್ರ ನಿಯಮ ಇಟ್ಟ ಮಿತಿ, ಮೆಟ್ರೋ ಅಲ್ಲದ ಊರುಗಳಲ್ಲಿ, 30 ಮಿಲಿಗ್ರಾಂ. ಕಾವೂರು, ಬಜಾಲ್, ಸುರತ್ಕಲ್, ಪಚ್ಚನಾಡಿಯಲ್ಲಿ ಘಟಕಗಳನ್ನು ಕಟ್ಟಿರುವುದು ಇದಕ್ಕೇ. ಒಳಚರಂಡಿ ಬಾರದ ಮನೆಗಳಿಗೆ ಆ ಪೈಪಿನ ಕೆಲಸವನ್ನು ನಮ್ಮ ಗಾಡಿಯೇ ಮಾಡುತ್ತದೆ.

"ಸಮುದ್ರ ಅಷ್ಟು ದೊಡ್ಡದು, ಎಲ್ಲ ಕೊಚ್ಚಿ ಹೋಗುತ್ತದೆ" ಎನ್ನುವವರೂ ಇದ್ದಾರೆ. ಹೋಗುವುದಿಲ್ಲ. ನಮ್ಮ ಹೆಚ್ಚಿನ ತೋಡುಗಳು ಸೇರುವುದು ನೇತ್ರಾವತಿ ನದಿಗೆ, ಇಲ್ಲವೇ ಫಲ್ಗುಣಿಗೆ. ಎರಡೂ ಬೆಂಗ್ರೆಯ ಹತ್ತಿರ ಒಂದೇ ಅಳಿವೆಯಲ್ಲಿ ಕಡಲು ಸೇರುತ್ತವೆ. ಬೇಸಿಗೆಯಲ್ಲಿ ನೇತ್ರಾವತಿಯ ತುಂಬೆ ಅಣೆಕಟ್ಟಿನ ಬಾಗಿಲು ಹಾಕಿದ ಮೇಲೆ ಕೆಳಗೆ ಸಿಹಿನೀರಿನ ಹರಿವೇ ಕಡಿಮೆ. ಇಳಿತದಲ್ಲಿ ಹೊರಗೆ ಹೋದ ಕೊಳಕು ಭರತದಲ್ಲಿ ಮತ್ತೆ ಒಳಗೆ ಬರುತ್ತದೆ. ಅದೇ ನೀರಲ್ಲಿ ಜನ ಇಳಿದು ಮರುವಾಯಿ, ಅಂದರೆ ತಿನ್ನುವ ಚಿಪ್ಪು, ಹೆಕ್ಕುತ್ತಾರೆ. ಮರುವಾಯಿ ನೀರನ್ನು ಸೋಸಿ ತಿನ್ನುವ ಜೀವಿ, ಹಾಗಾಗಿ ನೀರಲ್ಲಿದ್ದ ರೋಗಾಣು ಅದರೊಳಗೆ ಸೇರಿಕೊಳ್ಳುತ್ತದೆ. ಆಮೇಲೆ ಆ ಮರುವಾಯಿ ನಮ್ಮ ನಿಮ್ಮ ಮನೆಯ ಸುಕ್ಕ ಪದಾರ್ಥಕ್ಕೇ ಬರುವುದು. ಉಳಿಸಿದ 600 ರೂಪಾಯಿ ಆಗ ಯಾವ ಲೆಕ್ಕ?

ಆದ್ದರಿಂದ ಇನ್ನು ಮುಂದೆ ಪ್ರತಿ ಲೋಡಿಗೂ ಘಟಕದ ರಸೀದಿಯ ಫೋಟೋವನ್ನು ನಿಮಗೆ ವಾಟ್ಸಾಪ್ ಮಾಡುತ್ತೇವೆ. ಬರಲಿಲ್ಲ ಅಂದರೆ ಹಣ ಕೊಡಬೇಡಿ.

ಇನ್ನೊಂದು ಮಾತು. ನಮ್ಮ ಹುಡುಗರಿಗೆ ಪಿಟ್ಟಿಗೆ ಇಳಿಯಲು ಯಾರೂ ಹೇಳಬೇಡಿ, ಎಷ್ಟು ಹಣ ಕೊಟ್ಟರೂ ಇಳಿಯುವುದಿಲ್ಲ. ರಕ್ಷಣಾ ಸಲಕರಣೆ ಇಲ್ಲದೆ ಹಾಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಒಳಗಿನ ಗ್ಯಾಸ್ ಒಂದೆರಡು ಉಸಿರಿನಲ್ಲೇ ಪ್ರಾಣ ತೆಗೆಯಬಹುದು. ತಳದಲ್ಲಿ ಸ್ವಲ್ಪ ಕೆಸರು ಬಿಟ್ಟು ಬಂದರೆ ಅದು ಅರೆಬರೆ ಕೆಲಸವಲ್ಲ. ಪಿಟ್ ಮತ್ತೆ ಸರಿಯಾಗಿ ಕೆಲಸ ಮಾಡಲು ಅಷ್ಟು ಬೇಕು. ಪ್ಯಾಡು, ಡೈಪರ್, ಬಟ್ಟೆ ಮಾತ್ರ ಹಾಕಬೇಡಿ, ಪೈಪು ಕಟ್ಟಿಕೊಳ್ಳುತ್ತದೆ.

ಪಿಟ್ ಉಕ್ಕುವವರೆಗೆ ಕಾಯದೆ ಎರಡು ಮೂರು ವರ್ಷಕ್ಕೊಮ್ಮೆ ತೆಗೆಸಿ. ಮೇ ತಿಂಗಳಲ್ಲಿ ಎಲ್ಲರೂ ಒಟ್ಟಿಗೆ ಕರೆಯುತ್ತಾರೆ. ಫೆಬ್ರವರಿ, ಮಾರ್ಚ್‌ನಲ್ಲಿ ಮಾಡಿಸಿದರೆ ಲೋಡಿಗೆ 200 ರೂಪಾಯಿ ಕಡಿಮೆ ಮಾಡುತ್ತೇವೆ. ಈಗಾಗಲೇ ಬುಕ್ ಮಾಡಿದವರಿಗೆ ಹಳೆಯ ದರವೇ. ಒಮ್ಮೆಗೆ ಕೊಡಲು ಕಷ್ಟವಾದವರು ನಮಗೆ ಹೇಳಿ, ಎರಡು ಕಂತಿನಲ್ಲಿ ಕೊಟ್ಟರೆ ಸಾಕು. ಫೋನ್ ನಂಬರ್ ಹಳೆಯದೇ, ಎತ್ತುವವರೂ ನಾವೇ.

ಇಂತಿ,
ನಿಮ್ಮ ಸಕ್ಕಿಂಗ್ ಗಾಡಿಯವರು