ಹಳೇ ಮನೆ ತೋರಿಸುವ ರೀತಿ ಇದಲ್ಲ

ಮಾನ್ಯ ಸಂಪಾದಕರೇ,

ಸಿಡ್ನಿಯ ಎಲಿಜಬೆತ್ ಫಾರ್ಮ್ ಎಂಬ ಹಳೇ ಮನೆಯನ್ನು ಮೇಣದಬತ್ತಿ ಬೆಳಕಿನಲ್ಲಿ ನೋಡಲು ಕನ್ನಡಿಗರ ಗುಂಪು ಹೋಗಿಬಂದ ಸಂಜೆ ಪ್ರವಾಸ ಯಶಸ್ವಿಯಾಯಿತೆಂದು ನಿಮ್ಮಲ್ಲಿ ವರದಿ ಬಂದಿದೆ. ಆ ಗುಂಪಿನಲ್ಲಿ ನಾನೂ ಇದ್ದೆ. ಅದು ಯಶಸ್ಸಲ್ಲ, ದುಡ್ಡು ಕೊಟ್ಟು ಬಂದವರಿಗೆ ಮಾಡಿದ ಅನ್ಯಾಯ.

4.15ಕ್ಕೆ ಬನ್ನಿ ಎಂದು ಕರೆದ ಸಂಘಟಕರು ಒಳಗೆ ಬಿಟ್ಟಿದ್ದು 5.45ಕ್ಕೆ. ತಿಂಡಿಯ ಗಾಡಿ ತಡವಾಯಿತಂತೆ! ವಯಸ್ಸಾದವರು ಚಳಿಯಲ್ಲಿ ಬೇಲಿ ಹಿಡಿದು ನಿಂತಿದ್ದರು. ಶೌಚಾಲಯ ಎಲ್ಲಿದೆ ಎಂದು ಹೇಳಲೂ ಒಬ್ಬರಿರಲಿಲ್ಲ. ಜೂನ್‌ನ ಚಳಿಗಾಲದಲ್ಲಿ ಸಿಡ್ನಿಯ ಸೂರ್ಯ 4.55ರ ಸುಮಾರಿಗೆ ಮುಳುಗುತ್ತಾನೆ. ಸಂಜೆ ಪ್ರವಾಸ ಸೂರ್ಯಾಸ್ತಕ್ಕೆ ಮುಕ್ಕಾಲು ಗಂಟೆ ಮೊದಲು ತೋಟದಿಂದ ಶುರುವಾಗಬೇಕು. ಆ ಮನೆಯ ಸೊಗಸೆಲ್ಲ ಅಗಲವಾದ ವರಾಂಡದಲ್ಲಿ, ಅದರ ಮೇಲೆ ಇಳಿಬಿದ್ದ ಸೂರಿನಲ್ಲಿ ಇದೆ. ಬೆಳಕಿದ್ದಾಗ ಅದನ್ನು ನೋಡಿ, ಕತ್ತಲಾಗುತ್ತಾ ಬಂದಂತೆ ಒಳಗೆ ಹೋಗಬೇಕು. ನಮಗೆ ಹೊರಗೆ ಕಂಡಿದ್ದು ಬರೀ ಕಪ್ಪು ಗೋಡೆ.

ಒಳಗೆ ಇನ್ನೂ ಅಧ್ವಾನ. ಒಂದು ಮೇಣದಬತ್ತಿ ಒಂದು ಮೀಟರ್ ದೂರದಲ್ಲಿ ಕೊಡುವುದು ಸುಮಾರು ಒಂದು ಲಕ್ಸ್ (ಬೆಳಕಿನ ಅಳತೆ), ಅಂದರೆ ತೀರಾ ಮಂದ ಬೆಳಕು. ಅಷ್ಟರಲ್ಲಿ ಕೋಣೆ ಚೆನ್ನಾಗಿ ಕಾಣಬೇಕಾದರೆ ಕಣ್ಣು ಕತ್ತಲೆಗೆ ಒಗ್ಗಬೇಕು; ಪೂರ್ತಿ ಒಗ್ಗಲು 20–30 ನಿಮಿಷ ಬೇಕು. ಮಧ್ಯೆ ಒಂದು ಮೊಬೈಲ್ ಟಾರ್ಚ್ ಮುಖಕ್ಕೆ ಬಡಿದರೆ ಒಗ್ಗಿದ್ದೆಲ್ಲ ಕೆಡುತ್ತದೆ. ಸಂಘಟಕರು ಕರೆತಂದ ನಿರೂಪಕರ ಕೈಯಲ್ಲಿ ಬೆಳ್ಳನೆಯ ಎಲ್‌ಇಡಿ ದೀಪ, ಹೆಗಲಲ್ಲಿ ಸ್ಪೀಕರ್. ಚಿಕ್ಕ ಚಿಕ್ಕ ಕೋಣೆಗಳಿಗೆ 40ಕ್ಕೂ ಹೆಚ್ಚು ಜನರನ್ನು ಒಟ್ಟಿಗೆ ನುಗ್ಗಿಸಿದರು. ಹನ್ನೆರಡು ಜನರ ತಂಡ ಮಾಡಿ ಹತ್ತು ನಿಮಿಷ ಅಂತರದಲ್ಲಿ ಬಿಟ್ಟಿದ್ದರೆ ಮೈಕೇ ಬೇಕಿರಲಿಲ್ಲ.

ಆ ಮೈಕಿನಲ್ಲಿ ಕೂಗಿದ್ದೇನು? "ಮುಟ್ಟಬೇಡಿ, ಕೂರಬೇಡಿ." ಸ್ವಾಮಿ, 1984ರಲ್ಲಿ ಮ್ಯೂಸಿಯಂ ಆಗಿ ತೆರೆದ ಈ ಮನೆಯ ವಿಶೇಷವೇ ಅದು: ಹಗ್ಗ ಕಟ್ಟಿಲ್ಲ, ಪೀಠೋಪಕರಣಗಳು ಹಳೆಯವುಗಳ ಮಾದರಿಯಲ್ಲಿ ಮಾಡಿದವು, ಕುರ್ಚಿಯಲ್ಲಿ ಕೂರಬಹುದು, ಪುಸ್ತಕ ತೆರೆಯಬಹುದು. ಕೂರಲು ಹೋದ ಅಜ್ಜಿಯೊಬ್ಬರನ್ನು ಗದರಿ ಎಬ್ಬಿಸಿದರು.

ಕತೆಯೂ ಅರ್ಧಂಬರ್ಧ. 1793ರ ಮನೆ, ಅದನ್ನು ಕಟ್ಟಿಸಿದ ಜಾನ್ ಮೆಕಾರ್ಥರ್, ಆತ ಸಾಕಿದ ಉಣ್ಣೆಯ ಮೆರಿನೋ ಕುರಿ, ಮುಗಿಯಿತು. 1809ರಿಂದ 1817ರವರೆಗೆ ಆತ ಇಂಗ್ಲೆಂಡಿನಲ್ಲಿದ್ದಾಗ ಜಮೀನು, ಕುರಿಹಿಂಡು ನೋಡಿಕೊಂಡವಳು ಹೆಂಡತಿ ಎಲಿಜಬೆತ್. ಅವಳ ಹೆಸರೇ ಮನೆಗಿದ್ದರೂ ಅವಳ ಬಗ್ಗೆ ಎರಡು ಮಾತಿಲ್ಲ. ಮೆರಿನೋ ಬರುವ ಮೊದಲು, 1794ರಲ್ಲಿ, ಮೆಕಾರ್ಥರ್ ಕೊಂಡ 60 ಕುರಿಗಳು ಕಲ್ಕತ್ತೆಯಿಂದ ಬಂದ ಬಂಗಾಳದ ತಳಿಯವು. ಭಾರತೀಯರ ಗುಂಪಿಗೆ ಹೇಳಲೇಬೇಕಾದ ಸಂಗತಿ ಅದು. ಆ ನೆಲ ಯಾರದಾಗಿತ್ತೋ ಆ ಬರಮಟ್ಟಗಲ್ ಮೂಲನಿವಾಸಿ ಜನರ ಹೆಸರನ್ನೂ ಎತ್ತಲಿಲ್ಲ. ತಿಂಡಿಗೆ ಹೊತ್ತಾಯಿತೆಂದು ಹಿಂಬದಿಯ ಅಡುಗೆಮನೆಯನ್ನು ತೋರಿಸಲೇ ಇಲ್ಲ.

ಅಧಿಕಾರಿಗಳದ್ದೂ ಇದೇ ಹಣೆಬರಹ. ಸ್ಟೇಷನ್‌ನಿಂದ ಅಲ್ಲಿಗೆ ರಾತ್ರಿ ನಡೆದುಹೋಗುವ ದಾರಿಯಲ್ಲಿ ಸರಿಯಾದ ಬೆಳಕಿಲ್ಲ ಎಂದು ಹೇಳಿ ಹೇಳಿ ಸಾಕಾಗಿದೆ. ಹಳೇ ಮನೆಗಳೆಂದರೆ ಇವರಿಗೆ ಭಾಷಣದಲ್ಲಿ ಮಾತ್ರ ಪ್ರೀತಿ. 2021ರಲ್ಲಿ ಪವರ್‌ಹೌಸ್ ಮ್ಯೂಸಿಯಂಗೆ ಜಾಗ ಬೇಕೆಂದು ಪರಮಟ್ಟಾದ ವಿಲೋ ಗ್ರೋವ್ ಮನೆಯನ್ನೇ ಬಿಚ್ಚಿಹಾಕಿದರು. ಜನ ಅಷ್ಟು ಪ್ರತಿಭಟಿಸಿದರೂ ಕೇಳಲಿಲ್ಲ. ಒಂದು ಮ್ಯೂಸಿಯಂ ಕಟ್ಟಲು ಇನ್ನೊಂದು ಚರಿತ್ರೆ ಕೆಡವುವುದು ಯಾವ ನ್ಯಾಯ?

ಸಂಘಟಕರು ಹಣ ಹಿಂತಿರುಗಿಸಬೇಕು, ಇಲ್ಲವೇ ಇನ್ನೊಮ್ಮೆ ಕರೆದೊಯ್ದು ಸರಿಯಾಗಿ ತೋರಿಸಬೇಕು. ನನ್ನ ಕೇಳಿದರೆ ಎರಡೂ ಮಾಡಬೇಕು. ದಾರಿಗೆ ದೀಪ ಹಾಕಿಸಬೇಕಾದವರು ಹಾಕಿಸಲಿ. ಊಟ ಹಾಕುವುದಷ್ಟೇ ಬರುವವರು ಊಟದ ಕಾರ್ಯಕ್ರಮ ಮಾಡಿಕೊಳ್ಳಲಿ, ಇಂಥ ಮನೆಗಳ ತಂಟೆಗೆ ಬರುವುದು ಬೇಡ.

— ನೊಂದ ಓದುಗ, ಹ್ಯಾರಿಸ್ ಪಾರ್ಕ್, ಸಿಡ್ನಿ